ಶಾಲಾ ಗ್ರಂಥಪಾಲಕರ ತರಬೇತಿ: ತಂತ್ರಾಂಶಕ್ಕೆ ಮೊದಲು ಸೂಚೀಕರಣ

ಶಾಲಾ ಗ್ರಂಥಪಾಲಕರಿಗೆ ಡಿಜಿಟಲ್ ಗ್ರಂಥಾಲಯದ ತರಬೇತಿ ಎಂದೊಡನೆ ಗಣಕಯಂತ್ರ, ಸ್ಕ್ಯಾನರ್, ತಂತ್ರಾಂಶಗಳ ವಿಚಾರವೇ ಮುನ್ನೆಲೆಗೆ ಬರುತ್ತದೆ. ವಾಸ್ತವವಾಗಿ ಇವು ಈ ಕಾರ್ಯದ ಸುಲಭವಾದ ಭಾಗ. ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು ಯುನೆಸ್ಕೊ ಸಹಕಾರದಿಂದ ಪ್ರಸಾರಗೊಂಡ ಗ್ರೀನ್‌ಸ್ಟೋನ್ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಅಂತರಜಾಲ ಸಂಪರ್ಕವಿಲ್ಲದ ಒಂದೇ ಗಣಕಯಂತ್ರದಲ್ಲಿಯೂ ಅದನ್ನು ನಡೆಸಬಹುದು. ಅದರ ಅಳವಡಿಕೆಯನ್ನು ಕೆಲವೇ ದಿನಗಳಲ್ಲಿ ಕಲಿಸಬಹುದು. ಕಲಿಸಬೇಕಾದ ಕಠಿಣ ವಿದ್ಯೆ ಸೂಚೀಕರಣ, ಅದರಲ್ಲಿಯೂ ಕನ್ನಡದ ಸೂಚೀಕರಣ.

ಪಂಜೆ ಮಂಗೇಶರಾಯರನ್ನೇ ಉದಾಹರಣೆಯಾಗಿ ನೋಡಬಹುದು. ಅವರ ಹೆಸರು ಒಂದೆಡೆ 'ಪಂಜೆ ಮಂಗೇಶರಾಯ', ಇನ್ನೊಂದೆಡೆ 'ಮಂಗೇಶ ರಾವ್, ಪಂಜೆ', ಮತ್ತೊಂದೆಡೆ 'ಕವಿಶಿಷ್ಯ' ಎಂದು ದಾಖಲಾದರೆ ಗಣಕಯಂತ್ರದ ಪಾಲಿಗೆ ಅವರು ಮೂವರು ಲೇಖಕರು. ಕಪಾಟಿನ ಮುಂದೆ ನಿಂತ ಕನ್ನಡ ಅಧ್ಯಾಪಕರಿಗೆ ಈ ತೊಡಕಿಲ್ಲ. ತೆರೆಯ ಮುಂದೆ ಕುಳಿತ ಏಳನೆಯ ತರಗತಿಯ ವಿದ್ಯಾರ್ಥಿಗೆ ಇದೆ. ಯಾವ ರೂಪವನ್ನು ಅಧಿಕೃತವೆಂದು ಒಪ್ಪಬೇಕು, ಉಳಿದವನ್ನು ಅದಕ್ಕೆ ಹೇಗೆ ಜೋಡಿಸಬೇಕು ಎಂಬ ವಿವೇಚನೆಯನ್ನು ಡಬ್ಲಿನ್ ಕೋರ್‌ನ 15 ಅಂಶಗಳು ತಾವಾಗಿಯೇ ಒದಗಿಸಲಾರವು. 2000ರ ದಶಕದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಕನ್ನಡ ಕೃತಿಗಳ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿ, ಒಂದೊಂದು ಕಡೆ ಒಂದೊಂದು ಕಾಗುಣಿತದಲ್ಲಿ ನಮೂದಾದವು. ಪುಸ್ತಕ ಅಲ್ಲಿದ್ದರೂ ಹುಡುಕಿದವರಿಗೆ ಸಿಗಲಿಲ್ಲ. ಅಷ್ಟು ದೊಡ್ಡ ಯೋಜನೆಗೆ ಆದುದು ಒಂದು ಶಾಲೆಗೆ ಆಗದೆ ಇರುವುದೇ?

ಲಿಪಿಯ ಸಮಸ್ಯೆಯೂ ಹೀಗೆಯೇ. ನುಡಿಯ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪಠ್ಯವು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಅದು ಲ್ಯಾಟಿನ್ ಸಂಕೇತಗಳ ಸಾಲು. ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳು ಸರಿಯಾಗಿ ಬಂದಿವೆಯೇ ಎಂದು ಓದಿ ನೋಡದಿದ್ದರೆ ಅಂತಹ ಪಠ್ಯದಲ್ಲಿ ಕನ್ನಡ ಪದವೊಂದನ್ನು ಹುಡುಕುವುದು ಸಾಧ್ಯವಿಲ್ಲ.

ಈ ಎರಡೂ ಕಾರ್ಯಗಳಿಗೆ ಬೇಕಾದುದು ಭಾಷಾಜ್ಞಾನ. ಸರ್ಕಾರಿ ಪ್ರೌಢಶಾಲೆಗಳಲ್ಲಿ ಗ್ರಂಥಾಲಯದ ಹೊಣೆ ಅನೇಕ ವೇಳೆ ಅಧ್ಯಾಪಕರೊಬ್ಬರ ಹೆಚ್ಚುವರಿ ಕೆಲಸವಾಗಿದೆ. ಅವರು ಕನ್ನಡ ಅಧ್ಯಾಪಕರಾಗಿದ್ದರೆ ಅದನ್ನು ಕೊರತೆಯೆಂದು ಭಾವಿಸಬೇಕಾಗಿಲ್ಲ. ಆದರೆ ಲೇಖಕನಾಮಗಳ, ಕಾವ್ಯನಾಮಗಳ ಅಧಿಕೃತ ಪಟ್ಟಿಯನ್ನು ಪ್ರತಿಯೊಂದು ಶಾಲೆಯೂ ತಾನೇ ಸಿದ್ಧಪಡಿಸಲಾರದು. ಅದು ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳ ಕೆಲಸ. ಗ್ರಂಥಾಲಯ ವಿಜ್ಞಾನದವರಿಗೆ ಬಿಟ್ಟು ಸುಮ್ಮನಿರುವ ವಿಷಯ ಇದಲ್ಲ.

ಹಕ್ಕುಸ್ವಾಮ್ಯದ ತಿಳಿವಳಿಕೆಯೂ ತರಬೇತಿಯ ಭಾಗವಾಗಬೇಕು. 1957ರ ಕಾಯಿದೆಯ ಪ್ರಕಾರ, ಲೇಖಕರು ಜೀವಿಸಿದ್ದಾಗ ಪ್ರಕಟವಾದ ಕೃತಿಯ ಹಕ್ಕು ಅವರು ನಿಧನರಾದ ವರ್ಷದ ನಂತರ 60 ವರ್ಷ ಉಳಿಯುತ್ತದೆ. 1937ರಲ್ಲಿ ನಿಧನರಾದ ಪಂಜೆಯವರ ಅಂತಹ ಕೃತಿಗಳನ್ನು ಶಾಲೆ ಮುಕ್ತವಾಗಿ ಅಳವಡಿಸಿಕೊಳ್ಳಬಹುದು. 1979ರಲ್ಲಿ ನಿಧನರಾದ ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳಿಗೆ 2039ರ ಕೊನೆಯವರೆಗೆ ಅನುಮತಿ ಬೇಕು. ಶಾಲೆಯದೇ ಕೈಬರಹದ ಪತ್ರಿಕೆ, ವಾರ್ಷಿಕ ಸಂಚಿಕೆ, ಮಕ್ಕಳು ಸಂಗ್ರಹಿಸಿದ ಊರಿನ ಹಾಡು, ಗಾದೆ, ಒಗಟುಗಳ ಸ್ಥಿತಿ ಬೇರೆ. ಬರೆದವರ, ಹಾಡಿದವರ ಒಪ್ಪಿಗೆ ಪಡೆದು ಇವುಗಳಿಂದಲೇ ಸಂಗ್ರಹವನ್ನು ಆರಂಭಿಸುವುದು ಉಚಿತ. ಅಚ್ಚಾದ ಪುಸ್ತಕದ ಇನ್ನೊಂದು ಪ್ರತಿ ಎಲ್ಲಿಯಾದರೂ ದೊರೆತೀತು, ಇವುಗಳಿಗೆ ಇರುವುದು ಶಾಲೆಯ ಬೀರುವಿನಲ್ಲಿರುವ ಒಂದೇ ಪ್ರತಿ.