ತೈಲವಿದ್ದೂ ಬೆಳಕಿಲ್ಲದ ನೈಜೀರಿಯ

ಆಫ್ರಿಕದಲ್ಲೇ ಅತ್ಯಧಿಕ ಜನಸಂಖ್ಯೆಯಿರುವ ರಾಷ್ಟ್ರ ನೈಜೀರಿಯ. ಅಲ್ಲಿನ ಒಲೊಯ್ಬಿರಿ ಎಂಬ ಹಳ್ಳಿಯಲ್ಲಿ 1956ರಲ್ಲಿ ತೈಲ ಪತ್ತೆಯಾಯಿತು. 1958ರಲ್ಲಿ ರಫ್ತು ಆರಂಭವಾಯಿತು. 1970ರ ದಶಕದಿಂದೀಚೆಗೆ ಅದರ ರಫ್ತು ಆದಾಯದ ಸಿಂಹಪಾಲು ತೈಲ ಮತ್ತು ಅನಿಲದ್ದೇ. ಅಷ್ಟಾಗಿಯೂ, ವಿಶ್ವಬ್ಯಾಂಕ್ 2021ರಲ್ಲಿ ನೀಡಿದ ಅಂದಾಜಿನಂತೆ, ಸುಮಾರು ಎಂಟೂವರೆ ಕೋಟಿ ನೈಜೀರಿಯನ್ನರಿಗೆ ವಿದ್ಯುತ್ ಜಾಲದ ಸಂಪರ್ಕವೇ ಇರಲಿಲ್ಲ. 2024ರಲ್ಲಿ ಆ ಜಾಲವೂ ಮತ್ತೆ ಮತ್ತೆ ಕುಸಿದುಬಿತ್ತು. ಭೂಗರ್ಭದಲ್ಲಿ ಇಂಧನ, ಮನೆಯೊಳಗೆ ಕತ್ತಲೆ. ಇದನ್ನು ವಿಧಿಯೆಂದು ಕರೆದು ಸುಮ್ಮನಾಗೋಣವೇ?

ತೈಲದ ಹಣಕ್ಕೊಂದು ಗುಣವಿದೆ. ಕಂಪೆನಿ ಬಾವಿ ಕೊರೆಯುತ್ತದೆ, ಸರಕಾರ ಪಾಲು ಪಡೆಯುತ್ತದೆ. ನಡುವೆ ಪ್ರಜೆಯ ಅಗತ್ಯವೇ ಬೀಳುವುದಿಲ್ಲ. ತೆರಿಗೆಗಾಗಿ ಪ್ರಜೆಯನ್ನು ಅವಲಂಬಿಸದ ಸರಕಾರಕ್ಕೆ ಅವನ ಶಾಲೆ, ಆಸ್ಪತ್ರೆಗಳ ಚಿಂತೆಯೂ ಇರುವುದಿಲ್ಲ. ಬೆಲೆ ಏರಿದಾಗ ಉಳಿಸಿ ಇಳಿದಾಗ ಬಳಸಲೆಂದು 2004ರಲ್ಲಿ ಪ್ರತ್ಯೇಕ ಖಾತೆಯೊಂದನ್ನು ತೆರೆಯಲಾಯಿತು. ಕೆಲವೇ ವರ್ಷಗಳಲ್ಲಿ ಅದರಲ್ಲಿ ಸುಮಾರು 2,000 ಕೋಟಿ ಡಾಲರ್ ಜಮೆಯಾಗಿತ್ತು. ಆದರೆ 2014ರಲ್ಲಿ ತೈಲ ಬೆಲೆ ಕುಸಿದಾಗ ಅದರ ಬಹುಪಾಲು ಖಾಲಿಯಾಗಿತ್ತು! ಸರಕಾರದ ಶುದ್ಧೀಕರಣ ಘಟಕಗಳು ಕೆಟ್ಟು ನಿಂತು, ಕಚ್ಚಾ ತೈಲ ಮಾರುವ ದೇಶವೇ ಪೆಟ್ರೋಲ್ ಆಮದು ಮಾಡಿಕೊಂಡಿತು. ಬಾವಿಗಳಿದ್ದ ಒಗೋನಿ ನಾಡಿನ ಹಕ್ಕು ಕೇಳಿದ ಸಾಹಿತಿ ಕೆನ್ ಸಾರೊ-ವಿವಾ ಅವರನ್ನು ಎಂಟು ಮಂದಿಯೊಂದಿಗೆ 1995ರಲ್ಲಿ ಸೈನಿಕ ಸರಕಾರ ಗಲ್ಲಿಗೇರಿಸಿತು. ಅಲ್ಲಿನ ಮಾಲಿನ್ಯ ನಿವಾರಣೆಗೆ 25ರಿಂದ 30 ವರ್ಷಗಳು ಬೇಕಾಗಬಹುದೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2011ರಲ್ಲಿ ವರದಿ ಮಾಡಿತು.

ತೈಲದ ಸ್ಥಾನವನ್ನು ಇನ್ನು ಡಿಜಿಟಲ್ ತಂತ್ರಜ್ಞಾನ ತುಂಬಲಿದೆ ಎನ್ನುವವರಿದ್ದಾರೆ. ಈ ಮಾತು ಪೂರ್ತಿ ಸುಳ್ಳಲ್ಲ. 2001ರಲ್ಲಿ ಮೊಬೈಲ್ ಸೇವೆ ಆರಂಭವಾದ ಬಳಿಕ ಲಾಗೋಸ್‌ನ ಯಾಬಾ ಪ್ರದೇಶ ಯುವ ಉದ್ಯಮಿಗಳ ನೆಲೆಯಾಗಿ ಬೆಳೆಯಿತು. ಅಂಥ ಯುವಕರು ಕಟ್ಟಿದ ಪೇಸ್ಟ್ಯಾಕ್ ಎಂಬ ಪಾವತಿ ಸಂಸ್ಥೆಯನ್ನು 2020ರಲ್ಲಿ ಸ್ಟ್ರೈಪ್ ಕಂಪೆನಿ 20 ಕೋಟಿ ಡಾಲರ್‌ಗೂ ಅಧಿಕ ಬೆಲೆಗೆ ಕೊಂಡುಕೊಂಡಿತು. ಇದಕ್ಕೆ ಬಾವಿ ಕೊರೆಯಬೇಕಾಗಿರಲಿಲ್ಲ.

ಆದರೆ ಆ ಯುವಕರನ್ನು ಪ್ರಭುತ್ವ ನಡೆಸಿಕೊಂಡದ್ದು ಹೇಗೆ? ಲ್ಯಾಪ್‌ಟಾಪ್ ಹಿಡಿದು ಬೀದಿಯಲ್ಲಿ ನಡೆಯುವವರನ್ನು ಆನ್‌ಲೈನ್ ವಂಚಕರೆಂದು ಶಂಕಿಸಿ ‘ಸಾರ್ಸ್’ ಎಂಬ ಪೊಲೀಸ್ ದಳ ತಡೆಯಿತು, ಹಣ ಸುಲಿಯಿತು. ಇದರ ವಿರುದ್ಧ 2020ರ ಅಕ್ಟೋಬರ್‌ನಲ್ಲಿ ಯುವಜನತೆ ಬೀದಿಗಿಳಿದಾಗ ಲೆಕ್ಕಿ ಟೋಲ್ ಗೇಟ್‌ನಲ್ಲಿ ಸೈನಿಕರು ಗುಂಡು ಹಾರಿಸಿದರು. 2021ರ ಜೂನ್‌ನಲ್ಲಿ ಅಧ್ಯಕ್ಷ ಬುಹಾರಿಯವರ ಬರಹವೊಂದನ್ನು ಟ್ವಿಟರ್ ಅಳಿಸಿದ ಬೆನ್ನಿಗೆ ದೇಶದಲ್ಲಿ ಟ್ವಿಟರನ್ನೇ ಏಳು ತಿಂಗಳು ನಿಷೇಧಿಸಲಾಯಿತು. ಅದನ್ನೇ ಅಂಗಡಿಯಾಗಿಸಿಕೊಂಡಿದ್ದ ಸಣ್ಣ ವ್ಯಾಪಾರಿಗಳ ನಷ್ಟವನ್ನು ತುಂಬಿಕೊಡುವವರು ಯಾರು? ದೇಶ ಬಿಟ್ಟು ಓಡುವುದಕ್ಕೆ ಅಲ್ಲಿನ ಯುವಕರು ಯೊರುಬಾ ಭಾಷೆಯಲ್ಲಿ ‘ಜಪಾ’ ಎನ್ನುತ್ತಾರೆ. ಈ ಪದ ಮನೆಮಾತಾದುದರಲ್ಲಿ ಅಚ್ಚರಿಯೇನಿದೆ?

2023ರ ಮೇ 29ರಂದು ಅಧಿಕಾರ ವಹಿಸಿಕೊಂಡ ಬೋಲಾ ಟಿನುಬು ಅಂದೇ ಪೆಟ್ರೋಲ್ ಸಬ್ಸಿಡಿಯ ಅಂತ್ಯವನ್ನು ಘೋಷಿಸಿದರು. ಸಬ್ಸಿಡಿಯಲ್ಲಿ ಭ್ರಷ್ಟಾಚಾರವಿತ್ತು ನಿಜ. ಆದರೆ ಬೆಲೆ ದಿಢೀರನೆ ಎರಡು ಪಟ್ಟಿಗೂ ಮೀರಿ ಏರಿದಾಗ ಅದರ ಬಿಸಿ ತಟ್ಟಿದ್ದು ಭ್ರಷ್ಟರಿಗಲ್ಲ. ಬಸ್ಸಿನಲ್ಲಿ ಕೂಲಿಗೆ ಹೋಗುವವನಿಗೆ, ಜನರೇಟರ್ ನಂಬಿ ಅಂಗಡಿ ನಡೆಸುವವನಿಗೆ. ಇದೀಗ 2026ರ ಜನವರಿ 1ರಿಂದ ಹೊಸ ತೆರಿಗೆ ಕಾನೂನುಗಳು ಜಾರಿಗೆ ಬಂದಿವೆ. ಕಡಿಮೆ ಆದಾಯದವರಿಗೆ ವಿನಾಯಿತಿಯಿದೆ ಎಂಬುದು ಸ್ವಾಗತಾರ್ಹ. ಬಾವಿಯನ್ನು ನಂಬಿದ್ದ ಸರಕಾರ ಕೊನೆಗೂ ಪ್ರಜೆಯ ಬಾಗಿಲಿಗೆ ಬಂದಿದೆ.

ನಾವು ಕಾಣುವ ಆಶಾಕಿರಣವೂ ಅಪಾಯವೂ ಇದರಲ್ಲೇ ಇವೆ. ಡಿಜಿಟಲ್ ಉದ್ಯಮವನ್ನು ಮತ್ತೊಂದು ಬಾವಿಯೆಂದು ಬಗೆದು ಹೀರತೊಡಗಿದರೆ ಅದು ಬಹುಬೇಗ ಬತ್ತೀತು. ಯಾಕೆಂದರೆ ತೈಲಕ್ಕೆ ವಿಮಾನ ಹತ್ತಿ ಹೋಗಲು ಬರುವುದಿಲ್ಲ, ಯುವಕರಿಗೆ ಬರುತ್ತದೆ. ತೆರಿಗೆ ಕೊಡುವವನಿಗೆ ಲೆಕ್ಕ ಕೇಳುವ ಹಕ್ಕಿದೆ. ಆ ಲೆಕ್ಕವನ್ನು ವಿದ್ಯುತ್, ಶಾಲೆ ಮತ್ತು ನ್ಯಾಯದ ರೂಪದಲ್ಲಿ ಒಪ್ಪಿಸಲು ಅಬುಜಾದ ಆಡಳಿತಗಾರರು ಸಿದ್ಧರಿದ್ದಾರೆಯೇ?