ಹೋದ ವರ್ಷದ ಅಂಕಪಟ್ಟಿಯೊಂದೇ ಸಾಕೇ?

ಭಾನುವಾರದ ಕನ್ನಡ ತರಗತಿಯ ಬಿಡುವಿನಲ್ಲಿ ದೊಡ್ಡ ಮಕ್ಕಳಾದ ನಾವು ಯಾವ ವಿಷಯಕ್ಕೆ ಅಷ್ಟು ಗಟ್ಟಿಯಾಗಿ ವಾದ ಮಾಡುತ್ತೇವೆ ಎಂದು ಪೋಷಕರು ಆಗಾಗ ಕೇಳುತ್ತಾರೆ. ಪಾಠದ ಬಗ್ಗೆ ಎಂದರೆ ಸುಳ್ಳಾಗುತ್ತದೆ. ನಮ್ಮ ವಾದವೆಲ್ಲ ಫ್ಯಾಂಟಸಿ ಫುಟ್‌ಬಾಲ್ ಬಗ್ಗೆ. ಈ ವರ್ಷವಂತೂ ಒಬ್ಬರೇ ಆಟಗಾರರ ಬಗ್ಗೆ: ಮಿನ್ನೆಸೋಟ ವೈಕಿಂಗ್ಸ್ ತಂಡದ ವೈಡ್ ರಿಸೀವರ್ ಜಸ್ಟಿನ್ ಜೆಫರ್ಸನ್. ಮುಂಬರುವ ಸೀಸನ್‌ಗೆ ಅವರನ್ನು ಆರಿಸಿಕೊಳ್ಳಬೇಕೇ, ಬೇಡವೇ? ಆರಿಸಿಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ.

ಆಟ ಗೊತ್ತಿಲ್ಲದ ಅಪ್ಪ ಅಮ್ಮಂದಿರಿಗಾಗಿ ಎರಡು ಮಾತು. ಎನ್‌ಎಫ್‌ಎಲ್‌ನಲ್ಲಿ ನಿಜವಾಗಿ ಆಡುವ ಆಟಗಾರರನ್ನು ನಾವು ಸರದಿಯಂತೆ ಆರಿಸಿ ನಮ್ಮದೇ ತಂಡ ಕಟ್ಟಿಕೊಳ್ಳುತ್ತೇವೆ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಆಮೇಲೆ ಆ ಆಟಗಾರರು ಪ್ರತಿ ವಾರ ಮೈದಾನದಲ್ಲಿ ಮಾಡಿದ್ದೆಲ್ಲ ನಮಗೆ ಪಾಯಿಂಟ್ ಆಗುತ್ತದೆ. ನಮ್ಮ ಲೀಗ್‌ನಲ್ಲಿ ವೈಡ್ ರಿಸೀವರ್ ಹಿಡಿದ ಒಂದೊಂದು ಕ್ಯಾಚಿಗೆ 1 ಪಾಯಿಂಟ್, 10 ಯಾರ್ಡಿಗೆ 1 ಪಾಯಿಂಟ್, ಟಚ್‌ಡೌನ್‌ಗೆ 6 ಪಾಯಿಂಟ್. ಹಣದ ಮಾತೇ ಇಲ್ಲ. ಕೊನೆಯ ಸ್ಥಾನಕ್ಕೆ ಬಂದವರು ಎಲ್ಲರಿಗೂ ಸಮೋಸ ತರಬೇಕು, ಅಷ್ಟೇ.

ಈಗ ಲೆಕ್ಕ ನೋಡೋಣ. 2024ರಲ್ಲಿ ಜೆಫರ್ಸನ್ 103 ಕ್ಯಾಚ್ ಹಿಡಿದು 1,533 ಯಾರ್ಡ್ ಗಳಿಸಿದರು, 10 ಟಚ್‌ಡೌನ್ ಮಾಡಿದರು. ನಮ್ಮ ನಿಯಮದ ಪ್ರಕಾರ ಸುಮಾರು 316 ಪಾಯಿಂಟ್. 2025ರಲ್ಲಿ 84 ಕ್ಯಾಚ್, 1,048 ಯಾರ್ಡ್, ಬರೀ 2 ಟಚ್‌ಡೌನ್. ಸುಮಾರು 201 ಪಾಯಿಂಟ್. ಒಂದೇ ವರ್ಷದಲ್ಲಿ 115 ಪಾಯಿಂಟ್ ಇಳಿದುಹೋಯಿತು! ನಮ್ಮ ತರಗತಿಯಲ್ಲಿ ಅವರನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಂಡಿದ್ದ ಗೆಳೆಯ ಕೊನೆಗೆ ಸಮೋಸ ತಂದ. "ಜೆಫರ್ಸನ್ ಕಥೆ ಮುಗಿಯಿತು" ಎಂದು ಎಲ್ಲರೂ ನಕ್ಕರು. ನಾವೂ ನಕ್ಕವರೇ.

ಆದರೆ ಇಳಿದದ್ದು ಎಲ್ಲಿ ಎಂದು ಬಿಡಿಸಿ ನೋಡಿದಾಗ ನಗು ನಿಂತಿತು. ಆ 115ರಲ್ಲಿ ಕ್ಯಾಚುಗಳಿಂದ ಕಳೆದುಕೊಂಡದ್ದು 19 ಮಾತ್ರ. ಯಾರ್ಡುಗಳಿಂದ 48, ಟಚ್‌ಡೌನ್‌ಗಳಿಂದ 48. ಟಚ್‌ಡೌನ್ ಎಂಬುದು ವರ್ಷದಿಂದ ವರ್ಷಕ್ಕೆ ಬಹಳ ಏರಿಳಿಯುತ್ತದೆ. 2020ರಿಂದ 2024ರವರೆಗೆ ಜೆಫರ್ಸನ್ ಮಾಡಿದ್ದು 7, 10, 8, 5, 10. ಸರಾಸರಿ ವರ್ಷಕ್ಕೆ 8. ಉಳಿದದ್ದೆಲ್ಲ 2025ರಂತೆಯೇ ಇದ್ದು, ಟಚ್‌ಡೌನ್ ಮಾತ್ರ ಮತ್ತೆ 8ಕ್ಕೆ ಬಂದರೂ 36 ಪಾಯಿಂಟ್ ಹೆಚ್ಚುತ್ತದೆ. ಇನ್ನೊಂದು ವಿಷಯ: ಆಡಿದ ಆರೂ ವರ್ಷ ಅವರು ಸಾವಿರ ಯಾರ್ಡ್ ದಾಟಿದ್ದಾರೆ. ತೊಡೆಯ ಸ್ನಾಯು ನೋವಿನಿಂದ ಬರೀ 10 ಪಂದ್ಯ ಆಡಿದ 2023ರಲ್ಲೂ 1,074 ಯಾರ್ಡ್!

ಹಾಗಾದರೆ 2025ರಲ್ಲಿ ಆದದ್ದೇನು? ಒಂದೇ ಕೈಯಲ್ಲಿ ಚಪ್ಪಾಳೆ ತಟ್ಟಲಾಗದು. ಚೆಂಡು ಹಿಡಿಯುವವರು ಎಷ್ಟೇ ಜಾಣರಾದರೂ ಎಸೆಯುವವರು ಸರಿಯಾಗಿ ಎಸೆಯಬೇಕು. 2024ರಲ್ಲಿ ವೈಕಿಂಗ್ಸ್ ಕ್ವಾರ್ಟರ್‌ಬ್ಯಾಕ್ ಆಗಿದ್ದ ಸ್ಯಾಮ್ ಡಾರ್ನಾಲ್ಡ್ ಆಮೇಲೆ ಸಿಯಾಟಲ್ ತಂಡಕ್ಕೆ ಹೋದರು. 2025ರಲ್ಲಿ ಮಿನ್ನೆಸೋಟದಲ್ಲಿ ಮೂವರು ಬೇರೆ ಬೇರೆ ಕ್ವಾರ್ಟರ್‌ಬ್ಯಾಕ್‌ಗಳು ಪಂದ್ಯ ಆರಂಭಿಸಬೇಕಾಯಿತು. ಅದೇ ವರ್ಷ ಸಿಯಾಟಲ್‌ನಲ್ಲಿ ಡಾರ್ನಾಲ್ಡ್ ಎಸೆದ ಚೆಂಡು ಹಿಡಿದ ಜಾಕ್ಸನ್ ಸ್ಮಿತ್-ಎಂಜಿಗ್ಬಾ 1,793 ಯಾರ್ಡ್ ಗಳಿಸಿ ಇಡೀ ಲೀಗ್‌ಗೇ ಮೊದಲಿಗರಾದರು. ಹಿಂದಿನ ವರ್ಷ ಅವರದ್ದು 1,130 ಯಾರ್ಡ್.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ನಿಮ್ಮ ವಾದ" ಎಂದರು ನಮ್ಮಲ್ಲೊಬ್ಬರ ಅಪ್ಪ. ಕುಣಿಯಲು ಬಾರದವರ ವಿಷಯದಲ್ಲಿ ಆ ಗಾದೆ ಸರಿ. ಐದು ವರ್ಷ ಚೆನ್ನಾಗಿ ಕುಣಿದವರು ಆರನೆಯ ವರ್ಷ ಎಡವಿದರೆ ನೆಲವನ್ನೂ ಒಮ್ಮೆ ನೋಡಬೇಕಲ್ಲವೇ?

ಹಾಗೆಂದು ಕಣ್ಣು ಮುಚ್ಚಿ ಆರಿಸಿ ಎಂದು ನಾವು ಹೇಳುವುದಿಲ್ಲ. ಒಳ್ಳೆಯ ವರ್ಷವೂ ಮೋಸ ಮಾಡಬಲ್ಲದು. 2021ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಕೂಪರ್ ಕಪ್ 145 ಕ್ಯಾಚ್, 1,947 ಯಾರ್ಡ್, 16 ಟಚ್‌ಡೌನ್ ಗಳಿಸಿ ಮೂರರಲ್ಲೂ ಮೊದಲಿಗರಾಗಿದ್ದರು. ಮರುವರ್ಷ ಕಾಲಿನ ಗಾಯದಿಂದ 9 ಪಂದ್ಯಕ್ಕೇ ಅವರ ಆಟ ಮುಗಿಯಿತು. ಆದ್ದರಿಂದ ನಮ್ಮ ಸಲಹೆ ಹೀಗಿದೆ. ಡ್ರಾಫ್ಟ್ ಅನ್ನು ಆಗಸ್ಟ್ ಕೊನೆಗೆ ಇಟ್ಟುಕೊಳ್ಳಿ. ಜೆಫರ್ಸನ್ ಆರೋಗ್ಯವಾಗಿದ್ದಾರೆಯೇ, ಅವರಿಗೆ ಚೆಂಡು ಎಸೆಯುವವರು ಯಾರು ಎಂದು ನೋಡಿಕೊಳ್ಳಿ. ಮೊದಲ ಆಯ್ಕೆಯಾಗಿ ಬೇಡ. ಎರಡನೆಯ ಸುತ್ತಿನಲ್ಲಿ ಸಿಕ್ಕರೆ ಮಾತ್ರ ಬಿಡಬೇಡಿ.

ಕೊನೆಯದಾಗಿ ಒಂದು ಮಾತು. ಸಮೋಸ ತಂದ ಗೆಳೆಯ ಹೋದ ವರ್ಷ ತಪ್ಪು ಲೆಕ್ಕ ಹಾಕಿರಲಿಲ್ಲ. ಆಗ ಗೊತ್ತಿದ್ದ ಅಂಕಿಗಳನ್ನು ನೋಡಿದರೆ ನಾವೂ ಅದೇ ಆಟಗಾರನನ್ನು ಆರಿಸುತ್ತಿದ್ದೆವು. ತಿಂಗಳುಗಟ್ಟಲೆ ಅವನನ್ನು ಗೇಲಿ ಮಾಡಿದ್ದಕ್ಕೆ ಈ ಪುಟದಲ್ಲೇ ಕ್ಷಮೆ ಕೇಳುತ್ತೇವೆ. ಪೋಷಕರಲ್ಲೂ ಒಂದು ವಿನಂತಿ: ನಮ್ಮ ಅಂಕಪಟ್ಟಿ ಮನೆಗೆ ಬಂದಾಗ ಆ ಒಂದು ವರ್ಷವನ್ನಷ್ಟೇ ನೋಡಬೇಡಿ. ಹಿಂದಿನ ವರ್ಷಗಳನ್ನೂ ನೋಡಿ, ಈ ಸಲ ಏನಾಯಿತು ಎಂದು ಕೇಳಿ. ಆಮೇಲೆ ಬೈದರೂ ಪರವಾಗಿಲ್ಲ!