ಚೀಲ ತೆಗೆದ್ರು, ರಿಪೋರ್ಟ್ ಎಲ್ಲಿ?

“ಬಾಯಾರ, ಅಂಡಾಶಯದಾಗ ಗುಳ್ಳಿ ಐತಿ. ಬಿಟ್ರ ನಾಳೆ ಕ್ಯಾನ್ಸರ್ ಆಗ್ತದ. ಚೀಲ ಸಹಿತ ತೆಗೆದು ಬಿಡೋಣು.” ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹೆಣ್ಮಕ್ಕಳಿಗೆ ಈ ಮಾತು ಹೊಸದಲ್ಲ. ಕಬ್ಬಿನ ಗದ್ದೆಯಿಂದಲೋ, ನಿಪ್ಪಾಣಿಯ ಬೀಡಿ ಕಟ್ಟುವ ಮನೆಯಿಂದಲೋ ಪಗಾರ ಬಿಟ್ಟು ಬಂದಾಕಿ ಕ್ಯಾನ್ಸರ್ ಅಂದಕೂಡಲೇ ಸಹಿ ಹಾಕ್ತಾಳ. ಹಾಕದೇ ಏನ್ ಮಾಡ್ಯಾಳು?

ಮುಟ್ಟು ನಿಲ್ಲದ ಹೆಂಗಸರ ಸ್ಕ್ಯಾನಿಂಗಿನಲ್ಲಿ ಕಾಣುವ ಬರೀ ನೀರಿನ ಗುಳ್ಳೆಗಳು ಹೆಚ್ಚಿನವು ಎರಡು-ಮೂರು ತಿಂಗಳಲ್ಲಿ ತಾವೇ ಕರಗುತ್ತವೆ. ಅಂಡಾಶಯದ ಕ್ಯಾನ್ಸರಿನಲ್ಲಿ ಹೆಚ್ಚು ಜೀವ ತೆಗೆಯುವ ಬಗೆಯ ಮೊದಲ ಬದಲಾವಣೆ ಬಹಳ ಸಲ ಅಂಡಾಶಯದಲ್ಲಿ ಇರುವುದೇ ಇಲ್ಲ, ಪಕ್ಕದ ಅಂಡನಾಳದ ಜಾಲರಿಯಂಥ ತುದಿಯಲ್ಲಿ ಇರುತ್ತದೆ. 2001ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು, ಮನೆತನದಲ್ಲಿ ಈ ರೋಗ ಇದ್ದ ಹೆಂಗಸರಿಂದ ಮುನ್ನೆಚ್ಚರಿಕೆಗಾಗಿ ತೆಗೆದ ನಾಳಗಳಲ್ಲಿ ಅದನ್ನು ಕಂಡರು. ಸ್ಕ್ಯಾನಿಂಗಿಗೆ ಅದು ಕಾಣೋದಿಲ್ಲ. ನಾಳದ ತುದಿಯನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗಲೇ ಪತ್ತೆ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನ 2021ರಲ್ಲಿ ಹೇಳಿದ್ದು ಇಷ್ಟು: ತೊಂದರೆ ಇಲ್ಲದವರಿಗೆ ವರ್ಷಾ ವರ್ಷಾ ಸ್ಕ್ಯಾನಿಂಗ್, ಸಿಎ-125 ರಕ್ತಪರೀಕ್ಷೆ ಮಾಡಿದರೂ ಸಾವು ಕಡಿಮೆ ಆಗಲಿಲ್ಲ. ಆ ಸಿಎ-125 ಹೊಟ್ಟೆಯ ಟಿಬಿಗೂ ಏರ್ತದ, ಮುಟ್ಟಿನ ದಿನಗಳಲ್ಲೂ ಏರ್ತದ.

ನಿಜವಾಗಿ ಕ್ಯಾನ್ಸರಿನ ಚಿಂತೆ ಇದ್ದ ಡಾಕ್ಟರು ಮೊದಲು ಕೇಳಬೇಕಾದ್ದು, ಅವ್ವ, ಅಕ್ಕ, ಚಿಗವ್ವಗ ಎದೆಯ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿತ್ತೇನು ಅಂತ. ಆಗಿದ್ರ ಜೀನ್ ಪರೀಕ್ಷೆ. ಬಿಆರ್‌ಸಿಎ ದೋಷ ಸಿಕ್ಕರೆ, ಮಕ್ಕಳಾದ ಮೇಲೆ ನಾಳ, ಅಂಡಾಶಯ ತೆಗೆಯುವುದು ಸರಿಯಾದ ಆಪರೇಷನ್ನೇ. ಏನೂ ಇಲ್ಲದ ಮೂವತ್ತರ ಹೆಣ್ಣಿನ ಎರಡೂ ಅಂಡಾಶಯ ತೆಗೆದರೆ ಮಾತ್ರ ಮುಟ್ಟು ಅಲ್ಲಿಗೇ ನಿಂತು, ಎಲುಬು ಸವೆಯಲು ಶುರು.

ತೆಗೆದದ್ದನ್ನು ಪೆಥಾಲಜಿಗೆ ಕಳಿಸಬೇಕು. ಕಾಗವಾಡದಿಂದ ಮಿರಜ ಕೂಗಳತೆ, ನಿಪ್ಪಾಣಿಗೆ ಕೊಲ್ಲಾಪುರ ಹತ್ತಿರ; ಲ್ಯಾಬ್ ದೂರ ಅನ್ನೋ ನೆವ ಬ್ಯಾಡ. ಕ್ಯಾನ್ಸರ್ ಅಂತ ಹೆದರಿಸಿ ತೆಗೆದವರು, ಇತ್ತೋ ಇಲ್ಲೋ ನೋಡದೇ ಬಕೆಟ್ಟಿಗೆ ಹಾಕಿದರೆ ಅದಕ್ಕೆ ವ್ಯಾಪಾರ ಅನ್ನದೇ ಮತ್ತೇನು ಅನ್ನೋಣ?

2019ರಲ್ಲಿ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಸಾವಿರಾರು ಹೆಂಗಸರಿಗೆ ಗರ್ಭಚೀಲವೇ ಇಲ್ಲ ಅಂತ ಹೊರಬಿತ್ತು. ಆ ಕಡೆಯ ಗ್ಯಾಂಗುಗಳು ನಮ್ಮ ಕಾರ್ಖಾನೆಗಳಿಗೂ ಬರ್ತಾವ. ಬೇಡದ ಗರ್ಭಚೀಲದ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿ ಜಾರಿಗೆ ತನ್ನಿ ಎಂದು 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ನಮ್ಮ ತಾಲ್ಲೂಕುಗಳಲ್ಲಿ ಆ ಲೆಕ್ಕ ಕೇಳುವವರು ಯಾರ್ರಿ?

ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂಗ ಆಗೋದು ವಾರಗಟ್ಟಲೆ ಬಿಡದಿದ್ರ ಗ್ಯಾಸ್ ಅಂತ ಸುಮ್ನಿರಬ್ಯಾಡ್ರಿ, ತೋರಸ್ರಿ. ಆಪರೇಷನ್ ಆಗಿದ್ರ ಪೆಥಾಲಜಿ ಕಾಗದ ಕೈಯಾಗ ಇಸಕೊಂಡೇ ಬಿಲ್ಲು ಕಟ್ರಿ.